ಹಿತ್ತಲಿನ ಜಾವಾ ಮತ್ತು ಚಿಕ್ಕಪ್ಪನವರ ಮೇಲಿನ ಅಪವಾದ

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಮನೆಯ ಹಿತ್ತಲಿನಲ್ಲಿ ದನದ ಕೊಟ್ಟಿಗೆಗೆ ಹೊಂದಿಕೊಂಡಂತೆ ನಾಡಹೆಂಚಿನ ಒಂದು ಮಾಡು ಇತ್ತು. ಮುರಿದ ನೊಗ, ಹಗ್ಗದ ಸುರುಳಿ, ತೆಂಗಿನ ಮೊಟ್ಟೆಗಳ ನಡುವೆ ಅಲ್ಲಿ ಮೂವತ್ತನಾಲ್ಕು ವರ್ಷಗಳ ಕಾಲ ಒಂದು ಮೋಟಾರು ಸೈಕಲ್ಲು ನಿಂತಿತ್ತು. ಅದು ನಮ್ಮ ತೀರ್ಥರೂಪರು 1967ರಲ್ಲಿ ಕೊಂಡಿದ್ದ ಜಾವಾ 250. ಅದರ ಎಂಜಿನ್ನು ಜಡಗಟ್ಟಿ ಹೋಗಿತ್ತು. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಹೇಳುವುದಾದರೆ ‘ಸೀಜ್’ ಆಗಿತ್ತು. ಅದನ್ನು ಹಾಗೆ ಮಾಡಿದವರು ನಮ್ಮ ಚಿಕ್ಕಪ್ಪನವರು ಎಂಬುದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಸಂಗತಿಯಾಗಿತ್ತು.

ನಡೆದದ್ದು ಇಷ್ಟು. 1989ರ ಮಳೆಗಾಲದಲ್ಲಿ ಚಿಕ್ಕಪ್ಪನವರು ಗಾಡಿಯನ್ನು ತೆಗೆದುಕೊಂಡು ಅರಸೀಕೆರೆಯ ಒಂದು ಮದುವೆಗೆ ಹೋಗಿದ್ದರು. ಹಿಂದಿರುಗುವಾಗ ಗಾಡಿ ದಾರಿಯಲ್ಲೇ ನಿಂತುಹೋಯಿತು. ರಾತ್ರಿ ಅದನ್ನು ತಳ್ಳಿಕೊಂಡೇ ಮನೆ ಸೇರಿದರು. ಅದಾದ ನಾಲ್ಕೇ ದಿನಗಳಲ್ಲಿ ಉದ್ಯೋಗದ ನಿಮಿತ್ತ ಅವರು ಭದ್ರಾವತಿಗೆ ಹೋಗಬೇಕಾಯಿತು. ಮಳೆ ಕಳೆದು ದೀಪಾವಳಿಯ ಹೊತ್ತಿಗೆ ತೀರ್ಥರೂಪರು ಗಾಡಿಯನ್ನು ಹೊರತೆಗೆದು ಕಿಕ್ ಒದ್ದರೆ ಅದು ಅಲುಗಲಿಲ್ಲ. ಪೇಟೆಯಿಂದ ಬಂದ ಮೆಕ್ಯಾನಿಕ್ಕೊಬ್ಬರು ಏನನ್ನೂ ಬಿಚ್ಚದೆ, ಒಮ್ಮೆ ಕಾಲಿಟ್ಟು ನೋಡಿ, “ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ” ಎಂದು ತೀರ್ಪು ಕೊಟ್ಟು ಹೋದರು. ತೀರ್ಥರೂಪರು ತಮ್ಮನ ಮುಖಕ್ಕೆ ಎಂದೂ ಏನನ್ನೂ ಹೇಳಲಿಲ್ಲ. ಆದರೆ ಮನೆಗೆ ಬಂದ ನೆಂಟರಿಗೆಲ್ಲ ಹೇಳಿದರು. ಚಿಕ್ಕಪ್ಪನವರು ಮುಂದೆ ಸ್ವಂತಕ್ಕೊಂದು ಸ್ಕೂಟರ್ ಕೊಂಡು ಊರಿಗೆ ತಂದಾಗ ತೀರ್ಥರೂಪರು ಅದರ ಮೇಲೆ ಒಮ್ಮೆಯೂ ಕೂರಲಿಲ್ಲ. ಹಬ್ಬ ಹರಿದಿನಗಳಲ್ಲಿ ಬಂದರೆ ಚಿಕ್ಕಪ್ಪನವರು ಹಿತ್ತಲಿನ ಕಡೆ ತಲೆ ಹಾಕುತ್ತಿರಲಿಲ್ಲ. ತೀರ್ಥರೂಪರು 2004ರಲ್ಲಿ ಲಿಂಗೈಕ್ಯರಾದರು. ಮಾತು ಅಲ್ಲಿಗೇ ನಿಂತಿತು.

2023ರಲ್ಲಿ ಆ ಮಾಡನ್ನು ಕೆಡವಬೇಕಾಗಿ ಬಂದಾಗ ಗಾಡಿಯನ್ನು ಗುಜರಿಗೆ ಹಾಕುವುದೋ ಉಳಿಸುವುದೋ ಎಂಬ ಪ್ರಶ್ನೆ ಎದ್ದಿತು. ತಮ್ಮನು ಗುಜರಿಯವನನ್ನು ಕರೆದೂ ಆಗಿತ್ತು. ಹೊರಗೆಳೆದು ಧೂಳು ಒರೆಸಿದಾಗ ಟ್ಯಾಂಕಿನ ಮರೂನ್ ಬಣ್ಣ ಇನ್ನೂ ಉಳಿದಿರುವುದನ್ನು ಕಂಡು ನಮಗೆ ಕೊಡಲು ಮನಸ್ಸಾಗಲಿಲ್ಲ.

ಈ ಗಾಡಿಯ ಬಗ್ಗೆ ಕಿರಿಯ ಓದುಗರಿಗೆ ಎರಡು ಮಾತು ಹೇಳಬೇಕು. ಜಾವಾ ಮೂಲತಃ ಜೆಕೊಸ್ಲೊವಾಕಿಯಾ ದೇಶದ್ದು. ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಪಡೆದು ತಯಾರಿಕೆ ಆರಂಭಿಸಿದರು. ಆ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. ನಮ್ಮಲ್ಲಿ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದು ತಯಾರಾಗತೊಡಗಿತು. 1973ರ ಸುಮಾರಿಗೆ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡೂ ಹೆಸರುಗಳು ಇತ್ತೀಚೆಗೆ ಬೇರೆ ಸಂಸ್ಥೆಯ ಹೊಸ ಗಾಡಿಗಳ ಮೇಲೆ ಮತ್ತೆ ಕಾಣಿಸಿಕೊಂಡಿವೆಯಾದರೂ ಅವುಗಳ ಎಂಜಿನ್ನು ಬೇರೆ ಜಾತಿಯದು. ಹಳೆಯ ಜಾವಾದ್ದು ಟೂ ಸ್ಟ್ರೋಕ್ ಎಂಜಿನ್ನು. ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರುಗಳು. ಒಂದೇ ಲಿವರ್ ಗೇರಿಗೂ ಸೈ, ಕಿಕ್ಕಿಗೂ ಸೈ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರ್ ಲಿವರೇ ಕಿಕ್ ಆಗುತ್ತದೆ.

ಈ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಿಡ್ಡು ಒದಗುವುದು ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದಲೇ. ಇಪ್ಪತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಅಂದರೆ ಲೀಟರಿಗೆ 50 ಮಿಲಿಲೀಟರ್. ಇದನ್ನು ಮರೆತರೆ ಸಿಲಿಂಡರಿನೊಳಗೆ ಜಿಡ್ಡಿಲ್ಲದೆ ಉಜ್ಜುವ ಅಲ್ಯೂಮಿನಿಯಂ ಪಿಸ್ಟನ್ನು ಅತಿಯಾಗಿ ಕಾದು, ಹಿಗ್ಗಿ, ಎರಕದ ಕಬ್ಬಿಣದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಚಿಕ್ಕಪ್ಪನವರ ಮೇಲೆ ಬಂದ ಆಪಾದನೆ ಇದೇ. ಎಂಜಿನ್ನು ಜಡಗಟ್ಟಲು ಇನ್ನೊಂದು ಕಾರಣವೂ ಉಂಟು. ನಿಂತ ಗಾಡಿಯ ಸಿಲಿಂಡರಿನೊಳಗೆ ತೇವ ಸೇರಿದರೆ ಕಬ್ಬಿಣದ ಗೋಡೆಗೆ ತುಕ್ಕು ಹಿಡಿದು, ಆ ತುಕ್ಕು ಉಬ್ಬಿ, ಪಿಸ್ಟನ್ನಿನ ಉಂಗುರಗಳನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಕಿಕ್ ಅಲುಗುವುದಿಲ್ಲ, ಅಷ್ಟೆ.

ತುಮಕೂರಿನಲ್ಲಿ ಜಾವಾ ಕೆಲಸದಲ್ಲೇ ತಲೆ ನರೆತ ಮೇಸ್ತ್ರಿಯೊಬ್ಬರಿದ್ದಾರೆಂದು ತಿಳಿದು ಅವರನ್ನು ಕರೆತಂದೆವು. ಅವರು ಬರುವ ಹಿಂದಿನ ದಿನ ನಮ್ಮ ಮಗನು ಉತ್ಸಾಹ ತಡೆಯಲಾರದೆ ಕಿಕ್ಕಿನ ಮೇಲೆ ಎರಡು ಕಾಲನ್ನೂ ಊರಿ ಜಿಗಿದುಬಿಟ್ಟಿದ್ದ. ಒಳಗೆ ಕಟಕ್ಕೆಂಬ ಸದ್ದಾಯಿತು. ಮೇಸ್ತ್ರಿಗಳು ಅದನ್ನು ಕೇಳಿ ಬೈಯಲಿಲ್ಲ. ಬಿಗಿದ ಎಂಜಿನ್ನಿನ ಮೇಲೆ ಬಲ ಹಾಕಿದರೆ ಪಿಸ್ಟನ್ನು ಬಿಡುವ ಮೊದಲು ಕಿಕ್ಕಿನ ಹಲ್ಲುಗಳೇ ಮುರಿಯುತ್ತವೆ ಎಂದಷ್ಟೇ ಹೇಳಿದರು. ಪುಣ್ಯಕ್ಕೆ ಒಂದು ಹಲ್ಲಿನ ಅಂಚು ಮಾತ್ರ ಹೋಗಿತ್ತು.

ಮೊದಲು ಅವರು ಟ್ಯಾಂಕು, ಕಾರ್ಬುರೇಟರು, ಸೈಲೆನ್ಸರುಗಳನ್ನು ಬಿಚ್ಚಿ ದೂರ ಇಟ್ಟರು. ಆಮೇಲೆ ಸಿಲಿಂಡರಿನ ತಲೆಯತ್ತ ಬಗ್ಗಿ ನೋಡಿ ಸುಮ್ಮನಾದರು. ಅಲ್ಲಿ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಪ್ಲಗ್ಗಿನ ತೂತಿಗೆ ಯಾರೋ ಬಟ್ಟೆಯ ತುಂಡೊಂದನ್ನು ತುರುಕಿದ್ದರು; ಮುಟ್ಟಿದರೆ ಪುಡಿಯಾಗುವಷ್ಟು ಅದು ಮುದುಡಿತ್ತು. “ಮೇಲೆ ಹೆಂಚು ಸೋರುತ್ತಿತ್ತೇನು?” ಎಂದು ಕೇಳಿದರು. ಸೋರುತ್ತಿತ್ತು. ಬಟ್ಟೆ ನೀರನ್ನು ತಡೆಯುವುದಿಲ್ಲ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರಿ ಒಳಗಿಳಿಸುತ್ತದೆ ಎಂದು ಅವರು ಹೇಳಿದಾಗ ನಮಗೆ ಬೇರೇನೋ ನೆನಪಾಯಿತು. ತೀರ್ಥರೂಪರ ಲೆಕ್ಕದ ಪೆಟ್ಟಿಗೆಯಲ್ಲಿ, ಹಳೆಯ ರಸೀದಿಗಳ ನಡುವೆ, ವೃತ್ತಪತ್ರಿಕೆಯ ಚೂರಿನಲ್ಲಿ ಸುತ್ತಿಟ್ಟ ಒಂದು ಸ್ಪಾರ್ಕ್ ಪ್ಲಗ್ ಇದ್ದುದನ್ನು ನಾವು ಹಿಂದೆಯೇ ಕಂಡಿದ್ದೆವು. ಏತಕ್ಕೆಂದು ತಿಳಿದಿರಲಿಲ್ಲ.

ತಲೆಯನ್ನು ಬಿಚ್ಚಿದಾಗ ಪಿಸ್ಟನ್ನು ಮೇಲಂಚಿನಿಂದ ಸುಮಾರು ಒಂದು ಅಂಗುಲ ಕೆಳಗೆ ನಿಂತಿರುವುದು ಕಂಡಿತು. ಅದರ ಮೇಲಿನ ಗೋಡೆಯೆಲ್ಲ ಇಟ್ಟಿಗೆ ಬಣ್ಣದ ತುಕ್ಕು. ಪಿಸ್ಟನ್ನು ಇಷ್ಟು ಮೇಲಿದ್ದದ್ದು ಒಂದು ಅನುಕೂಲವೇ ಆಯಿತು. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೋಗುವ, ಗಾಳಿ ಬರುವ ಕಿಂಡಿಗಳಿರುತ್ತವೆ. ಪಿಸ್ಟನ್ನು ತೀರ ಕೆಳಗೆ ನಿಂತಿದ್ದರೆ ಆ ಕಿಂಡಿಗಳು ತೆರೆದಿದ್ದು, ಸುರಿದ ಎಣ್ಣೆಯೆಲ್ಲ ಹೊರಗೆ ಹರಿದುಹೋಗುತ್ತದೆ. ನಮ್ಮದರಲ್ಲಿ ಕಿಂಡಿಗಳು ಮುಚ್ಚಿದ್ದುದರಿಂದ ಸಿಲಿಂಡರೇ ಒಂದು ಬಟ್ಟಲಿನಂತಾಯಿತು.

ನಯವಾದ ಎಮರಿ ಕಾಗದದಿಂದ ಮೇಲಿನ ತುಕ್ಕನ್ನು ಉಜ್ಜಿ, ಪುಡಿಯನ್ನು ಬಟ್ಟೆಯಿಂದ ಒತ್ತಿ ತೆಗೆದ ಮೇಲೆ ಮೇಸ್ತ್ರಿಗಳು ಅದರೊಳಗೆ ಒಂದು ಮಿಶ್ರಣ ಸುರಿದರು. ಕಾರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಎಣ್ಣೆ ಒಂದು ಪಾಲು, ಅಸಿಟೋನ್ ಒಂದು ಪಾಲು. ಇವೆರಡೂ ಸರಿಯಾಗಿ ಬೆರೆಯುವುದಿಲ್ಲ, ಪ್ರತಿ ಸಲ ಕುಲುಕಿ ಸುರಿಯಬೇಕು. ಅಸಿಟೋನ್ ಎಣ್ಣೆಯನ್ನು ತೆಳುವಾಗಿಸಿ ಕೂದಲಿಗಿಂತ ಸಣ್ಣ ಸಂದಿನೊಳಗೂ ನುಗ್ಗಿಸುತ್ತದೆ. ತಾನು ಆರಿಹೋಗಿ ಎಣ್ಣೆಯನ್ನು ಅಲ್ಲೇ ಬಿಡುತ್ತದೆ. ಪೆಟ್ರೋಲಿನಷ್ಟೇ ಬೇಗ ಬೆಂಕಿ ಹಿಡಿಯುವ ಪದಾರ್ಥವಾದುದರಿಂದ ಒಲೆ, ಬೀಡಿ, ದೀಪ ಯಾವುದೂ ಹತ್ತಿರ ಇರಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. ಡೀಸೆಲ್ಲನ್ನೂ ಸುರಿಯಬಹುದು, ಆದರೆ ಹೆಚ್ಚು ದಿನ ಬೇಕು. ಅನಂತರ ಸಿಲಿಂಡರಿನ ಬಾಯಿಗೆ ತಟ್ಟೆ ಮುಚ್ಚಿ, ಒಳಗಿನ ಎಣ್ಣೆಯ ಮಟ್ಟವನ್ನು ಕಡ್ಡಿಯಲ್ಲಿ ಗುರುತು ಮಾಡಿ, “ಇದು ಇಳಿಯುವ ತನಕ ಯಾರೂ ಮುಟ್ಟಬೇಡಿ” ಎಂದು ಹೇಳಿ ತುಮಕೂರಿಗೆ ಹೊರಟರು.

ಐದು ದಿನ ಮಟ್ಟ ಇಳಿಯಲಿಲ್ಲ. ಆರಿದಷ್ಟನ್ನು ತುಂಬುತ್ತ ಬಂದೆವು. ನೋಡಲು ಬಂದವರು ತಲೆಗೊಂದು ಉಪಾಯ ಹೇಳಿದರು. ಸುತ್ತಿಗೆಯಿಂದ ಬಡಿಯಿರಿ, ಟ್ರಾಕ್ಟರಿಗೆ ಕಟ್ಟಿ ಎಳೆಯಿರಿ, ತಂಪು ಪಾನೀಯ ಸುರಿಯಿರಿ ಎಂದರು. ಒಬ್ಬರು ಹೇಳಿದ್ದು ಮಾತ್ರ ಯೋಚಿಸಬೇಕಾದುದಾಗಿತ್ತು. ತಲೆಯನ್ನು ಮತ್ತೆ ಬಿಗಿದು, ಪ್ಲಗ್ಗಿನ ತೂತಿನ ಮೂಲಕ ಗ್ರೀಸ್ ಗನ್ನಿನಿಂದ ಒತ್ತಡ ಹಾಕಿದರೆ ಹೇಗೆ? ಮೇಸ್ತ್ರಿಗಳನ್ನು ದೂರವಾಣಿಯಲ್ಲಿ ಕೇಳಿದೆವು. ಆ ಪದ್ಧತಿ ಇದೆ, ಕಿಂಡಿಗಳು ಮುಚ್ಚಿದ್ದರೆ ಮಾತ್ರ ನಡೆಯುತ್ತದೆ ಎಂದರು. ಆದರೆ ಅದರ ಬಲ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಈ ಪಿಸ್ಟನ್ನಿನ ಅಡ್ಡಳತೆ 65 ಮಿಲಿಮೀಟರು. ಅದರ ಮೇಲ್ಮೈ ಸುಮಾರು 33 ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ ನೂರು ಕಿಲೋ ಒತ್ತಡ ಬಿದ್ದರೂ ಒಟ್ಟು ಮೂರು ಟನ್ನು ದಾಟುತ್ತದೆ. ಗ್ರೀಸ್ ಗನ್ನು ಅದಕ್ಕಿಂತ ಹೆಚ್ಚು ಒತ್ತಬಲ್ಲದು. ತುಕ್ಕು ಹಿಡಿದ ಬೋಲ್ಟುಗಳು ಕಿತ್ತು ಬಂದರೆ? ನಾವು ಕಾಯುವುದೇ ಲೇಸೆಂದುಕೊಂಡೆವು.

ಆರನೆಯ ದಿನ ಬೆಳಿಗ್ಗೆ ಎಣ್ಣೆ ಒಂದು ಬೆರಳಿನಷ್ಟು ಇಳಿದಿತ್ತು. ಅಂದರೆ ಉಂಗುರಗಳ ಸಂದಿನಲ್ಲಿ ಎಲ್ಲೋ ದಾರಿಯಾಗಿತ್ತು.

ಮೇಸ್ತ್ರಿಗಳು ಮರುದಿನ ಬಂದರು. ಮಿಶ್ರಣವನ್ನು ಪೂರ್ತಿ ತೆಗೆದು, ಒರೆಸಿ, ಅಸಿಟೋನಿನ ವಾಸನೆ ಹೋಗುವ ತನಕ ಬಯಲಿನಲ್ಲಿ ಆರಲು ಬಿಟ್ಟರು. ಅನಂತರ ಬಿಸಿಗಾಳಿಯ ಗನ್ನಿನಿಂದ ಸಿಲಿಂಡರಿನ ಹೊರಮೈಯನ್ನು ಸುತ್ತಲೂ ಕಾಯಿಸಿದರು. ಇದರಲ್ಲೊಂದು ಸೂಕ್ಷ್ಮವಿದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದುದರಿಂದ ಎಲ್ಲವನ್ನೂ ಒಟ್ಟಿಗೆ ಕಾಯಿಸಿದರೆ ಪಿಸ್ಟನ್ನು ಇನ್ನೂ ಬಿಗಿಯುತ್ತದೆ. ಹೊರಗಿನಿಂದ ಬೇಗ ಕಾಯಿಸಿದರೆ ಒಳಗಿನ ಪಿಸ್ಟನ್ನು ಕಾಯುವ ಮೊದಲೇ ಕಬ್ಬಿಣ ಹಿಗ್ಗುತ್ತದೆ. ತಣ್ಣಗಾಗುವಾಗ ಪಿಸ್ಟನ್ನು ಹೆಚ್ಚು ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗುವಾಗ ತುಕ್ಕಿನ ಹಿಡಿತ ಸಡಿಲುತ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಎಣ್ಣೆ ಬಿಟ್ಟರೆ ಆ ಸಂದಿಗೆ ಇಳಿಯುತ್ತದೆ. ಅಂದು ಹಾಗೆ ಮೂರು ಸಲ ಕಾಯಿಸಿ ಆರಿಸಿದರು.

ನಮ್ಮೂರಿನ ಆಚಾರರಿಂದ ತೇಗದ ಒಂದು ಗುಂಡನೆಯ ದಿಂಡನ್ನು ಮಾಡಿಸಿದ್ದೆವು. ಸಿಲಿಂಡರಿನೊಳಗೆ ಸಡಿಲವಾಗಿ ಇಳಿಯುವಷ್ಟು ದಪ್ಪ. ಗಾಡಿ ನ್ಯೂಟ್ರಲ್‌ನಲ್ಲಿದೆಯೆಂದು ನೋಡಿಕೊಂಡು, ಅದನ್ನು ಪಿಸ್ಟನ್ನಿನ ಮೇಲೆ ನಿಲ್ಲಿಸಿ, ಮೇಸ್ತ್ರಿಗಳು ಮರದ ಕೊಡತಿಯಿಂದ ತಟ್ಟಿದರು. ಅದು ಹೊಡೆತವಲ್ಲ, ಬಾಗಿಲು ತಟ್ಟಿದಂತಿತ್ತು. ಕಬ್ಬಿಣದ ಸಲಾಕೆ ಇಟ್ಟು ಬಡಿದರೆ ಮೃದುವಾದ ಪಿಸ್ಟನ್ನು ತೂತು ಬೀಳುತ್ತದೆಯಂತೆ. ಹತ್ತು ಸಲ ತಟ್ಟುವುದು, ಸ್ಕೇಲಿನಿಂದ ಆಳ ಅಳೆಯುವುದು, ಮತ್ತೆ ತಟ್ಟುವುದು. ಮಧ್ಯಾಹ್ನ ಮೂರರ ಸುಮಾರಿಗೆ ತಟ್ಟಿನ ಸದ್ದು ಬದಲಾಯಿತು. ಅದುವರೆಗೆ ಬಂಡೆಗೆ ತಟ್ಟಿದಂತಿದ್ದ ನಾದ ಮಂದವಾಯಿತು. ಅಳೆದರೆ ಒಂದು ನೂಲಿನಷ್ಟು ಇಳಿದಿತ್ತು.

ಆ ಹೊತ್ತಿಗೆ ಅಮ್ಮ ಎಲ್ಲರಿಗೂ ಮಜ್ಜಿಗೆ ತಂದರು. ಅವರಿಗೆ ಎಂಬತ್ತು ದಾಟಿದೆ. ಲೋಟ ಕೊಡುತ್ತ, “ಅವತ್ತು ರಾತ್ರಿ ಇದು ಚೆನ್ನಾಗೇ ತಿರುಗ್ತಿತ್ತಲ್ಲ” ಎಂದರು. ನಾವು ಏನೆಂದು ಕೇಳಿದೆವು. “ನಿಮ್ಮ ಚಿಕ್ಕಪ್ಪ ತಳ್ಳಿಕೊಂಡು ಬಂದ ರಾತ್ರಿ ಅಂಗಳದಲ್ಲಿ ನಿಂತು ಹತ್ತು ಹದಿನೈದು ಸಲ ಒದ್ದ. ಲಾಟೀನು ಹಿಡಿದಿದ್ದವಳು ನಾನೇ. ಕಾಲು ಕೆಳಗೆ ಹೋಗ್ತಿತ್ತು, ಗಾಡಿ ಮಾತ್ರ ಏಳಲಿಲ್ಲ.”

“ಇಷ್ಟು ವರ್ಷ ಏಕಮ್ಮ ಹೇಳಲಿಲ್ಲ?”

“ನನ್ನ ಯಾರು ಕೇಳಿದ್ರು?”

ಮೇಸ್ತ್ರಿಗಳು ಮಾತ್ರ ಅಷ್ಟಕ್ಕೇ ಒಪ್ಪಲಿಲ್ಲ. ಅವರು ನ್ಯಾಯವಂತರು. ಎಣ್ಣೆಯಿಲ್ಲದೆ ಕಚ್ಚಿಕೊಂಡ ಪಿಸ್ಟನ್ನು ತಣ್ಣಗಾದ ಮೇಲೆ ತಾನೇ ಬಿಟ್ಟುಕೊಳ್ಳುವುದೂ ಉಂಟು. ಆದುದರಿಂದ ರಾತ್ರಿ ಕಿಕ್ ತಿರುಗಿತೆಂಬುದು ಪೂರ್ತಿ ಸಾಕ್ಷಿಯಲ್ಲ, ಪಿಸ್ಟನ್ನನ್ನು ಹೊರಗೆ ತೆಗೆದು ನೋಡೋಣ ಎಂದರು.

ಸಂಜೆಯ ಹೊತ್ತಿಗೆ ಪಿಸ್ಟನ್ನು ಕೆಳಗಿನವರೆಗೂ ಜಾರಿತು. ಸಿಲಿಂಡರನ್ನು ಮೆಲ್ಲನೆ ಅಲುಗಾಡಿಸುತ್ತ ಮೇಲಕ್ಕೆ ಎತ್ತಿದರು. ಪಿಸ್ಟನ್ನು ಅದರ ಬುಡದಿಂದ ಹೊರಬಂದಿತು. ಮೇಲಿನ ಉಂಗುರ ತೆಗೆಯುವಾಗ ಎರಡು ತುಂಡಾಯಿತು. ಮೇಸ್ತ್ರಿಗಳು ಪಿಸ್ಟನ್ನನ್ನು ಒರೆಸಿ ಬೆಳಕಿಗೆ ಹಿಡಿದು, ಸೈಲೆನ್ಸರಿನ ಕಡೆಯ ಮೈಯನ್ನು ನಮಗೆ ತೋರಿಸಿದರು. ಎಣ್ಣೆಯಿಲ್ಲದೆ ಓಡಿದ ಪಿಸ್ಟನ್ನಿಗೆ ಮೊದಲು ಪೆಟ್ಟು ಬೀಳುವುದು ಹೆಚ್ಚು ಕಾಯುವ ಆ ಭಾಗಕ್ಕೇ. ಅಲ್ಲಿ ಮೇಲಿಂದ ಕೆಳಕ್ಕೆ ಗೀರಿದ ಗಾಯಗಳಿರಬೇಕು, ಕರಗಿ ಮೆತ್ತಿದ ಹೊಳಪಿರಬೇಕು, ಸಿಲಿಂಡರಿನ ಗೋಡೆಗೂ ಅಲ್ಯೂಮಿನಿಯಂ ಅಂಟಿರಬೇಕು. ನಮ್ಮದರಲ್ಲಿ ಒಂದು ಗೀರೂ ಇರಲಿಲ್ಲ. ಹಳೆಯ ಎಣ್ಣೆಯ ಕಂದು ಲೇಪ ಹಾಗೆಯೇ ಇತ್ತು. ಕಬ್ಬಿಣದ ಗೋಡೆಯಲ್ಲಿ ಉಂಗುರಗಳು ನಿಂತಿದ್ದ ಜಾಗದಲ್ಲಿ ಮಾತ್ರ ತುಕ್ಕಿನ ಪಟ್ಟಿ.

ಅನಂತರ ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿದರು. ಪೆಟ್ರೋಲು ಎಂದೋ ಆರಿಹೋಗಿತ್ತು. ತಳದಲ್ಲಿ ಬೆಲ್ಲದ ಪಾಕದಂತಹ ಅಂಟು ಉಳಿದಿತ್ತು. ಬೆರಳಿಗೆ ಹಚ್ಚಿ ಉಜ್ಜಿ, “ಆಯಿಲ್” ಎಂದರು. ಆ ಬಟ್ಟಲಿನಲ್ಲಿರುವುದು ಕೊನೆಯ ಸಲ ಹರಿದ ಪೆಟ್ರೋಲು. ಅದರಲ್ಲಿ ಎಣ್ಣೆ ಬೆರೆತಿತ್ತು. ಇನ್ನು ಗಾಡಿ ದಾರಿಯಲ್ಲಿ ನಿಂತದ್ದಾದರೂ ಏಕೆ? ಬಲಬದಿಯ ಮುಚ್ಚಳ ತೆಗೆದು ಪಾಯಿಂಟುಗಳನ್ನು ನೋಡಿದರು. ಕಿಡಿ ಹುಟ್ಟಬೇಕಾದರೆ ಅವು ಪ್ರತಿ ಸುತ್ತಿಗೂ ಒಮ್ಮೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ತೆರೆದುಕೊಳ್ಳಬೇಕು. ಅವುಗಳ ನಾರಿನ ಹಿಮ್ಮಡಿ ಸವೆದು ಪಾಯಿಂಟುಗಳು ತೆರೆಯುತ್ತಲೇ ಇರಲಿಲ್ಲ. ಕಿಡಿಯಿಲ್ಲದೆ ಗಾಡಿ ನಿಂತಿತ್ತು. ಸ್ಕ್ರೂ ಸಡಿಲಿಸಿ ಸರಿಪಡಿಸಬಹುದಾಗಿದ್ದ ಹತ್ತು ನಿಮಿಷದ ಕೆಲಸ.

ಉಳಿದದ್ದನ್ನು ಬರೆಯಲು ನಮಗೆ ಹಿಂಜರಿಕೆಯಾಗುತ್ತದೆ. ಚಿಕ್ಕಪ್ಪನವರು ಭದ್ರಾವತಿಗೆ ಹೋದ ಮೇಲೆ ತೀರ್ಥರೂಪರು ಕಿಡಿ ಬರುತ್ತದೆಯೇ ಎಂದು ನೋಡಲು ಪ್ಲಗ್ಗನ್ನು ಬಿಚ್ಚಿರಬೇಕು. ಹೊಸದು ತರಲೆಂದು ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿರಬೇಕು. ಕಸ ಬೀಳದಿರಲೆಂದು ತೂತಿಗೆ ಬಟ್ಟೆ ತುರುಕಿ, ಕೊಬ್ಬರಿಯ ಕೆಲಸದಲ್ಲಿ ಮರೆತಿರಬೇಕು. ಅದು ಗೊತ್ತಿದ್ದೂ ತಮ್ಮನನ್ನು ದೂರಿದರೆಂದು ನಾವು ನಂಬುವುದಿಲ್ಲ. ಮೆಕ್ಯಾನಿಕ್ಕಿನ ಮಾತನ್ನು ಅವರು ನಂಬಿದ್ದರು. ಆದರೆ ನೀರು ಇಳಿದದ್ದು ಆ ಬಟ್ಟೆಯಿಂದಲೇ.

ಪಿಸ್ಟನ್ನು ಬಿಟ್ಟ ಮಾತ್ರಕ್ಕೆ ಗಾಡಿ ಸಿದ್ಧವಾಗುವುದಿಲ್ಲ ಎಂಬುದನ್ನು ಇಂತಹ ಕೆಲಸಕ್ಕೆ ಕೈಹಾಕುವ ಬಂಧುಗಳು ತಿಳಿದಿರಬೇಕು. ಟೂ ಸ್ಟ್ರೋಕ್ ಎಂಜಿನ್ನಿನ ಕೆಳಕೋಣೆಗೂ ತೇವ ಇಳಿದಿರುತ್ತದೆ. ಹಾಗೆಯೇ ಚಾಲೂ ಮಾಡಿದರೆ ತುಕ್ಕಿನ ಪುಡಿ ಬೇರಿಂಗುಗಳನ್ನು ತಿಂದುಹಾಕುತ್ತದೆ. ನಮ್ಮದನ್ನು ಪೂರ್ತಿ ಬಿಚ್ಚಿ, ತುಮಕೂರಿನ ಲೇತ್ ಅಂಗಡಿಯಲ್ಲಿ ಕ್ರ್ಯಾಂಕನ್ನು ಪ್ರೆಸ್ಸಿನಿಂದ ಬೇರ್ಪಡಿಸಿ ಬೇರಿಂಗುಗಳನ್ನು ಬದಲಿಸಿದ್ದಾಯಿತು. ಸಿಲಿಂಡರನ್ನು ಅರ್ಧ ಮಿಲಿಮೀಟರ್ ಹೆಚ್ಚು ಕೊರೆಸಿ, ಅದಕ್ಕೆ ತಕ್ಕ ಪಿಸ್ಟನ್ನನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದೆವು. ಇದಕ್ಕೆಲ್ಲ ನಾಲ್ಕು ತಿಂಗಳು ಹಿಡಿಯಿತು. ಕಾಗದಪತ್ರಗಳ ಕೆಲಸ ಇನ್ನೂ ಇದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲಿನಂತಹ ಕಾರಣಗಳಿಗಲ್ಲದೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಸದ್ಯಕ್ಕೆ ಅದು ನಮ್ಮ ತೋಟದೊಳಗಿನ ಬಂಡಿದಾರಿಯಲ್ಲಿ ಮಾತ್ರ ಓಡುತ್ತದೆ.

ಚಿಕ್ಕಪ್ಪನವರನ್ನು ಭದ್ರಾವತಿಯಿಂದ ಕರೆಸಿಕೊಂಡೆವು. ದೂರವಾಣಿಯಲ್ಲಿ ಕಾರಣ ಹೇಳಿರಲಿಲ್ಲ. ಜಗಲಿಯ ಮೇಲೆ ಕೂರಿಸಿ ಹಳೆಯ ಪಿಸ್ಟನ್ನು, ಮುರಿದ ಉಂಗುರ, ಪಾಯಿಂಟು, ಕಾಗದದಲ್ಲಿ ಸುತ್ತಿದ್ದ ಪ್ಲಗ್ಗು ಎಲ್ಲವನ್ನೂ ಒಂದು ತಟ್ಟೆಯಲ್ಲಿ ಮುಂದಿಟ್ಟೆವು. “ಚಿಕ್ಕಪ್ಪ, ನೀವು ಆಯಿಲ್ ಹಾಕಿದ್ದಿರಿ” ಎಂದೆವು. ಅದಕ್ಕಿಂತ ಹೆಚ್ಚು ಹೇಳಲು ನಮಗೆ ಆಗಲಿಲ್ಲ.

ಅವರು ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಬಹಳ ಹೊತ್ತಿನ ಮೇಲೆ, “ಆಯಿಲ್ ಎಷ್ಟು ಬೆರೆಸಬೇಕು ಅಂತ ಅಣ್ಣನಿಗೆ ಹೇಳಿಕೊಟ್ಟವನೇ ನಾನು ಕಣಪ್ಪಾ” ಎಂದರು. ಪ್ಲಗ್ಗನ್ನು ಮುಟ್ಟಲಿಲ್ಲ; ಅದರ ಬಗ್ಗೆ ಕೇಳಲೂ ಇಲ್ಲ. ಅಮ್ಮ ಒಳಗಿನಿಂದ ಬಂದು ಬಾಗಿಲ ಬಳಿ ನಿಂತಿದ್ದರು. ಅತ್ತ ತಿರುಗಿ, “ಅತ್ತಿಗೆ, ಅವತ್ತು ಲಾಟೀನು ಹಿಡಿದಿದ್ದು ನೀವೇ ಅಲ್ವಾ?” ಎಂದು ಕೇಳಿದರು. ಅಮ್ಮ ಹೌದೆಂದು ತಲೆಯಾಡಿಸಿದರು.

ಸಂಜೆ ನಮ್ಮ ಮಗನು ಗಾಡಿ ಚಾಲೂ ಮಾಡಿದ. ಚಿಕ್ಕಪ್ಪನವರು ಪಂಚೆಯನ್ನು ಎತ್ತಿ ಕಟ್ಟಿ ಹಿಂದಿನ ಸೀಟಿನಲ್ಲಿ ಕುಳಿತರು. ತೋಟದ ಕೊನೆಯ ಬಾವಿಯವರೆಗೆ ಹೋಗಿ ಬಂದರು. ಇಳಿದವರೇ, ಮೂರನೆಯ ಗೇರಿನಲ್ಲಿ ಸದ್ದು ಸರಿಯಿಲ್ಲ, ಸರಪಳಿ ಬಿಗಿ ನೋಡಿ ಎಂದರು. ನೋಡಿದೆವು, ಸಡಿಲವಾಗಿಯೇ ಇತ್ತು.

ಮರುದಿನ ಹೊರಡುವಾಗ ತಟ್ಟೆಯಲ್ಲಿದ್ದ ಪಿಸ್ಟನ್ನನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಅದು ಈಗ ಭದ್ರಾವತಿಯಲ್ಲಿದೆ.